ಏಳನೇ ನಂಬರಿನ ಬೂಟು

ಕಾಲಿಗೆ ಆಗುವ ಆಣಿಯ ಹೆಸರು ನನಗೆ ಐದು ಭಾಷೆಗಳಲ್ಲಿ ಗೊತ್ತು. ಇದು ಪಾಂಡಿತ್ಯದಿಂದ ಬಂದದ್ದಲ್ಲ, ಬ್ಯಾಂಕಿನ ವರ್ಗಾವಣೆಯಿಂದ ಬಂದದ್ದು. 1986ರಲ್ಲಿ ಮದ್ರಾಸಿನ ಮೈಲಾಪುರದಲ್ಲಿ ಬಾಡಿಗೆಗಿದ್ದೆ. ಒಂದು ಸಂಜೆ ಮೆಟ್ಟಿಲ ಮೇಲೆ ಕೂತು ಕಿರುಬೆರಳು ಒತ್ತಿಕೊಳ್ಳುತ್ತಿದ್ದಾಗ ಮನೆಯೊಡತಿ ಮಾಮಿ ನೋಡಿ, "ಕಾಲ್ ಆಣಿಯಾ?" ಎಂದರು. ಊರು ಬಿಟ್ಟ ಮೇಲೆ ಪರಭಾಷೆಯಲ್ಲಿ ನನಗೆ ತಟ್ಟನೆ ಅರ್ಥವಾದ ಮೊದಲ ಮಾತು ಅದು. ಕುಂದಾಪುರದ ಕಡೆಯ ನಮಗೂ ಅದು ಆಣಿಯೇ.

1993ರಲ್ಲಿ ಹೈದರಾಬಾದಿಗೆ ಹೋದೆ. ಅಲ್ಲಿ ನಮ್ಮ ಶಾಖೆಯ ಅಟೆಂಡರ್ "ಆನೆಕಾಯ ಸಾರ್" ಎಂದ. ಇಷ್ಟು ಸಣ್ಣದಕ್ಕೆ ಆನೆಯ ಹೆಸರೇ ಎಂದು ನಕ್ಕಿದ್ದೆ. ತೆಲುಗರ ಆನೆ 'ಏನುಗು' ಎಂದು ಆಮೇಲೆ ತಿಳಿಯಿತು. ಹಿಂದಿಯವರ ಬಾಯಲ್ಲಿ ಅದು ಗೋಖರೂ, ಅಂದರೆ ನಮ್ಮ ನೆಗ್ಗಿಲು ಮುಳ್ಳು. ಚುಚ್ಚುವ ಪರಿ ನೋಡಿದರೆ ಹೆಸರು ಸರಿಯೇ. 2001ರಲ್ಲಿ ಮುಂಬಯಿಗೆ ಬಂದೆ. ಡೊಂಬಿವಲಿಯ ಔಷಧಿ ಅಂಗಡಿಯವನು ನನ್ನ ಬೆರಳು ನೋಡಿ "ಕುರೂಪ್ ಆಹೇ" ಎಂದಾಗ ಮಾತ್ರ ಮುಖ ಸಪ್ಪಗಾಯಿತು. ಮರಾಠಿಯಲ್ಲಿ ಆಣಿಗೆ ಅದೇ ಹೆಸರು ಎಂದು ಗೊತ್ತಾಗುವವರೆಗೆ, ಅವನು ನನ್ನ ಕಾಲಿನ ಅಂದಚಂದ ಹೇಳುತ್ತಿದ್ದಾನೆಂದೇ ಎಣಿಸಿದ್ದೆ.

ಊರಲ್ಲಿದ್ದಷ್ಟು ದಿನ ನನಗೆ ಆಣಿ ಇರಲಿಲ್ಲ. ಹೈಸ್ಕೂಲಿನವರೆಗೆ ಬರಿಗಾಲು, ಎಂ.ಕಾಂ. ಮುಗಿಯುವವರೆಗೆ ಹವಾಯಿ ಚಪ್ಪಲಿ. ಅಜ್ಜಿಯ ಹಿಮ್ಮಡಿ ಮಾತ್ರ ಗದ್ದೆ ಕೆಲಸದಿಂದ ದಪ್ಪಗಟ್ಟಿ ಒಡೆಯುತ್ತಿತ್ತು. ಅವಳು ಹಸಿ ಗೇರುಬೀಜದ ಸಿಪ್ಪೆಯ ಸೊನೆಯನ್ನು ಕಡ್ಡಿಯ ತುದಿಯಲ್ಲಿ ತೆಗೆದು ಹಚ್ಚುತ್ತಿದ್ದಳು. ಮಕ್ಕಳು ಹತ್ತಿರ ಹೋದರೆ ಬೈಗುಳ. ಅದು ತಾಗಿದ ಕಡೆ ಚರ್ಮ ಸುಟ್ಟು ಸುಲಿಯುತ್ತದೆ.

1983ರಲ್ಲಿ ಕೆಲಸದ ಆರ್ಡರ್ ಬಂದಾಗ ಮಂಗಳೂರಿನ ಹಂಪನಕಟ್ಟೆಯಲ್ಲಿ ಒಂದು ಜೊತೆ ಕಪ್ಪು ಬೂಟು ತೆಗೆದುಕೊಂಡೆ. ಅಂಗಡಿಯವರು ಅಳತೆ ಹಿಡಿದು "ಏಳು" ಎಂದರು. ಅಂದಿನಿಂದ ಯಾವ ಊರಲ್ಲಿ ಬೂಟು ಕೊಳ್ಳುವಾಗಲೂ ನಾನು ಹೇಳಿದ್ದು ಒಂದೇ ಮಾತು: "ಏಳು."

ಆಣಿ ರೋಗವಲ್ಲ. ಚರ್ಮದ ಒಂದೇ ಜಾಗಕ್ಕೆ ಒತ್ತಡ, ಉಜ್ಜಾಟ ಬೀಳುತ್ತಲೇ ಇದ್ದರೆ ಅದು ತನ್ನನ್ನು ಕಾಪಾಡಿಕೊಳ್ಳಲು ಪದರದ ಮೇಲೆ ಪದರ ಕಟ್ಟುತ್ತದೆ. ಆ ಪದರ ಗಟ್ಟಿಯಾಗಿ ಒಳಮುಖಕ್ಕೆ ಮೊಳೆಯಂತೆ ಇಳಿದಾಗ ನೋವು. ಡೊಂಬಿವಲಿಯಿಂದ ಬೋರಿಬಂದರಿಗೆ ಒಂದು ಗಂಟೆಗೂ ಮೀರಿ ಲೋಕಲ್ ರೈಲಿನಲ್ಲಿ ನಿಂತೇ ಪ್ರಯಾಣ. ಅಲ್ಲಿಂದ ಫೋರ್ಟಿಗೆ ನಡಿಗೆ. ಸಂಜೆ ಅದೇ ದಾರಿ ಹಿಂದಕ್ಕೆ. ಕಿರುಬೆರಳು ಬೂಟಿನ ಗೋಡೆಗೆ ಒತ್ತಿಕೊಂಡು ಹೋಗಿ ಬರುತ್ತಿತ್ತು.

ಅಂಗಡಿಯವನು ಕೊಟ್ಟದ್ದು ಕಾರ್ನ್ ಕ್ಯಾಪ್. ನಡುವೆ ಮದ್ದಿನ ಬಿಲ್ಲೆ, ಸುತ್ತ ಮೆತ್ತನೆಯ ಬಳೆ, ಹಿಂದೆ ಅಂಟುಪಟ್ಟಿ. ಮದ್ದು ಎಂದರೆ ಶೇಕಡಾ 40ರ ಸ್ಯಾಲಿಸಿಲಿಕ್ ಆಮ್ಲ. ಸೀಸೆಯಲ್ಲಿ ಸಿಗುವ ದ್ರವದಲ್ಲಿ ಅದರ ಪ್ರಮಾಣ ಕಡಿಮೆ, ಜೊತೆಗೆ ಲ್ಯಾಕ್ಟಿಕ್ ಆಮ್ಲ ಇರುತ್ತದೆ. ಬಿಸಿನೀರಿನಲ್ಲಿ ಹತ್ತು ಹದಿನೈದು ನಿಮಿಷ ಕಾಲಿಟ್ಟು, ಚೆನ್ನಾಗಿ ಒರೆಸಿ, ಬಿಲ್ಲೆ ಸರಿಯಾಗಿ ಆಣಿಯ ಮೇಲೆಯೇ ಕೂರುವಂತೆ ಅಂಟಿಸಬೇಕು. ಎರಡು ಮೂರು ದಿನಕ್ಕೆ ಚರ್ಮ ನೆನೆದ ಅವಲಕ್ಕಿಯಂತೆ ಬೆಳ್ಳಗಾಗಿ ಎದ್ದು ಬರುತ್ತದೆ. ಆಗ ಕಾಲು ಉಜ್ಜುವ ಕಲ್ಲಿನಿಂದ ಮೆಲ್ಲಗೆ ತಿಕ್ಕಬೇಕು. ಆಮ್ಲಕ್ಕೆ ಆಣಿ ಯಾವುದು, ಒಳ್ಳೆಯ ಚರ್ಮ ಯಾವುದು ಎಂಬ ಭೇದ ಇಲ್ಲ. ಬಿಲ್ಲೆ ಜಾರಿದರೆ ಪಕ್ಕದ ಚರ್ಮವನ್ನೂ ತಿನ್ನುತ್ತದೆ.

ಮದ್ದು ಕೆಲಸ ಮಾಡಲಿಲ್ಲ ಎಂದು ನಾನು ಹೇಳುವುದಿಲ್ಲ. ಪ್ರತಿಸಲವೂ ಮಾಡಿತು. ಆಣಿ ಹೋಗುತ್ತಿತ್ತು, ಮೂರು ನಾಲ್ಕು ತಿಂಗಳಿಗೆ ಮತ್ತೆ ಬರುತ್ತಿತ್ತು. ಬ್ಯಾಂಕಿನ ಮಾತಿನಲ್ಲಿ ಹೇಳುವುದಾದರೆ ನಾನು ತಪ್ಪದೆ ಬಡ್ಡಿ ಕಟ್ಟುತ್ತಿದ್ದೆ, ಅಸಲು ಬೂಟಿನೊಳಗೆ ಹಾಗೇ ಕೂತಿತ್ತು. ಒಮ್ಮೆ ರಜೆಯಲ್ಲಿ ಊರಿಗೆ ಹೋದಾಗ ಅಮ್ಮ ನನ್ನ ನಡಿಗೆ ನೋಡಿ, "ಎಂಥದು ಮಾರಾಯ, ಕಾಲು ಎಳೀತಾ ಇದ್ದೀಯಲ್ಲ? ಮದ್ದು ಗಿದ್ದು ಬೇಡ, ಮೊದಲು ಆ ಬೂಟು ಬಿಡು" ಎಂದರು. ನಾನು ನಕ್ಕುಬಿಟ್ಟೆ. ಮ್ಯಾನೇಜರ್ ಬರಿಗಾಲಲ್ಲಿ ಬ್ಯಾಂಕಿಗೆ ಹೋಗ್ಲಿಕ್ಕೆ ಉಂಟಾ?

2012ರ ಮಳೆಗಾಲ. ಎಂದಿನಂತೆ ಬಿಲ್ಲೆ ಅಂಟಿಸಿ ಕೆಲಸಕ್ಕೆ ಹೋದೆ. ಈ ಸಲ ಉರಿಯೂ ಇಲ್ಲ, ನೋವೂ ಇಲ್ಲ. ಹೊಸ ಪ್ಯಾಕೆಟ್ಟು ಒಳ್ಳೆಯದಿದೆ ಎಂದುಕೊಂಡೆ. ನಾಲ್ಕನೆಯ ದಿನ ಸಂಜೆ ಕಾಲುಚೀಲ ಒದ್ದೆಯಾಗಿತ್ತು. ಮಳೆ ನೀರೆಂದು ಬಿಚ್ಚಿದೆ. ನೀರಲ್ಲ. ಬೆರಳಿನ ಪಕ್ಕ ಕೆಂಪು ಗುಳಿ ಬಿದ್ದಿತ್ತು. ಹೆಂಡತಿ ನೋಡಿ, "ಇಷ್ಟಾದ್ರೂ ನಿಮಗೆ ಗೊತ್ತೇ ಆಗ್ಲಿಲ್ವಾ?" ಎಂದಳು. ಗಾಯಕ್ಕಿಂತ ಆ ಪ್ರಶ್ನೆಯೇ ನನ್ನನ್ನು ಹೆದರಿಸಿತು.

ಡಾಕ್ಟರು ಮೊದಲು ಕೇಳಿದ್ದೇ "ಶುಗರ್ ನೋಡಿಸಿದ್ದೀರಾ?" ಎಂದು. ನೋಡಿಸಿರಲಿಲ್ಲ. ಬೆಳಗ್ಗೆ ಖಾಲಿ ಹೊಟ್ಟೆಯಲ್ಲಿ 212 ಬಂತು. ಅವರು ನನಗೆ ಕಣ್ಣು ಮುಚ್ಚಲು ಹೇಳಿ ನೈಲಾನ್ ದಾರದಂಥದ್ದೊಂದನ್ನು ಅಂಗಾಲಿಗೆ, ಬೆರಳುಗಳಿಗೆ ತಾಗಿಸುತ್ತ ಹೋದರು. ತಾಗಿದಾಗ ಹೇಳಬೇಕು. ಹಲವು ಕಡೆ ನಾನು ಸುಮ್ಮನಿದ್ದೆ, ಅವರಾಗಲೇ ಮುಟ್ಟಿ ಆಗಿತ್ತು. ಸಕ್ಕರೆ ಹೆಚ್ಚಾಗಿ ವರ್ಷಗಟ್ಟಲೆ ಉಳಿದರೆ ಕಾಲಿನ ನರಗಳು ಸ್ಪರ್ಶ ಕಳೆದುಕೊಳ್ಳುತ್ತವೆ. ರಕ್ತ ಸಂಚಾರವೂ ಕುಗ್ಗಿದ್ದರೆ ಗಾಯ ಮಾಯುವುದಿಲ್ಲ. ಅಂಥ ಕಾಲಿಗೆ ಈ ಆಮ್ಲ ಹಾಕಬಾರದು, ಬ್ಲೇಡಿನಿಂದ ಕೆತ್ತಲೂಬಾರದು. ಮನೆಗೆ ಬಂದು ಪ್ಯಾಕೆಟ್ ನೋಡಿದರೆ, ಮಧುಮೇಹಿಗಳು ಬಳಸಕೂಡದೆಂದು ಸಣ್ಣ ಅಕ್ಷರದಲ್ಲಿ ಅಚ್ಚಾಗಿಯೇ ಇತ್ತು. ಸಾಲದ ಪತ್ರಕ್ಕೆ ಸಹಿ ಹಾಕುವ ಮುಂಚೆ ಪೂರ್ತಿ ಓದಿ ಎಂದು ಜೀವನವಿಡೀ ಗಿರಾಕಿಗಳಿಗೆ ಹೇಳಿದವನು ನಾನು.

ಗಾಯ ಮಾಯಲು ಏಳು ವಾರ ಹಿಡಿಯಿತು. ಬೆರಳು ತೆಗೆಯಬೇಕಾದೀತು ಎಂಬ ಮಾತು ಎರಡು ಸಲ ಬಂದು ಹೋಯಿತು. ಆ ರಾತ್ರಿಗಳಲ್ಲಿ ನಾನು ನಿದ್ದೆ ಮಾಡಿದ್ದು ಕಡಿಮೆ. ಕೊನೆಯ ಭೇಟಿಯಲ್ಲಿ ಡಾಕ್ಟರು ಒಂದು ಹಾಳೆಯ ಮೇಲೆ ನನ್ನ ಕಾಲಿಡಿಸಿ ಪೆನ್ಸಿಲಿನಲ್ಲಿ ಸುತ್ತ ಗೆರೆ ಎಳೆದರು. ಆ ಗೆರೆಯ ಮೇಲೆ ನನ್ನ ಬೂಟನ್ನೇ ಇಟ್ಟರು. ಎರಡೂ ಪಕ್ಕದಲ್ಲಿ ಕಾಲು ಬೂಟಿನ ಹೊರಗಿತ್ತು. "ವಯಸ್ಸಾದಂತೆ ಪಾದ ಅಗಲವಾಗುತ್ತದೆ. ನೀವು ಕೊನೆಯ ಸಲ ಅಳತೆ ಕೊಟ್ಟದ್ದು ಯಾವಾಗ?" ಎಂದರು. 1983 ಎಂದು ಹೇಳಲು ನಾಚಿಕೆಯಾಯಿತು. ಅಮ್ಮ ತೀರಿಕೊಂಡು ಆಗ ಮೂರು ವರ್ಷ. ಅವರು ಪುಕ್ಕಟೆ ಹೇಳಿದ್ದನ್ನೇ ನಾನು ಫೀಸು ಕೊಟ್ಟು ಕೇಳಿಸಿಕೊಂಡಿದ್ದೆ.

ರಸಾಯನಶಾಸ್ತ್ರ ಓದಿದ ಮಗಳು ಆಮೇಲೊಂದು ವಿಷಯ ಹೇಳಿದಳು. ಗೇರು ಸೊನೆಯಲ್ಲಿರುವ ಅನಕಾರ್ಡಿಕ್ ಆಮ್ಲ ಸ್ಯಾಲಿಸಿಲಿಕ್ ಆಮ್ಲದ ವಂಶದ್ದೇ ಅಂತೆ. ಅಜ್ಜಿಯ ಕಡ್ಡಿಯ ತುದಿಯಲ್ಲಿದ್ದದ್ದೂ ನನ್ನ ಬಿಲ್ಲೆಯಲ್ಲಿದ್ದದ್ದೂ ನೆಂಟರು. ಆದರೆ ಅಜ್ಜಿ ಹಚ್ಚುವಾಗ ಕಣ್ಣಿಟ್ಟು ನೋಡುತ್ತಿದ್ದಳು, ಉರಿ ಹತ್ತಿದ ಕೂಡಲೇ ಒರೆಸುತ್ತಿದ್ದಳು. ನಾನು ಅಂಟಿಸಿ, ಕಾಲುಚೀಲ ಎಳೆದು, 7.52ರ ಫಾಸ್ಟ್ ಲೋಕಲ್ ಹಿಡಿಯುತ್ತಿದ್ದೆ.

ಈಗ ನಿವೃತ್ತನಾಗಿ ಐದು ವರ್ಷದ ಮೇಲಾಯಿತು. ರಾತ್ರಿ ಮಲಗುವ ಮುಂಚೆ ಹಾಸಿಗೆಯಲ್ಲಿ ಕೂತು ಕೈಗನ್ನಡಿ ಹಿಡಿದು ಅಂಗಾಲು ನೋಡಿಕೊಳ್ಳುತ್ತೇನೆ. ಕಣ್ಣಿಗೆ ಸರಿಯಾಗಿ ಕಾಣದಿದ್ದರೆ ಹೆಂಡತಿ ನೋಡುತ್ತಾಳೆ. ಸಕ್ಕರೆ ಹತೋಟಿಯಲ್ಲಿದೆ, ಆಣಿ ಮತ್ತೆ ಬಂದಿಲ್ಲ. ಬೂಟಿನ ಅಂಗಡಿಗೆ ಹೋಗುವುದು ಸಂಜೆ, ಕಾಲು ಸ್ವಲ್ಪ ಊದಿರುವ ಹೊತ್ತಿಗೆ. ಹುಡುಗ "ಕಿತನಾ ನಂಬರ್, ಅಂಕಲ್?" ಎಂದು ಕೇಳುತ್ತಾನೆ. ಏಳು ಎಂದು ಬಾಯಿಗೆ ಬಂದೇ ಬರುತ್ತದೆ. ನುಂಗಿಕೊಂಡು, ಚಪ್ಪಲಿ ಬಿಚ್ಚಿ, ಎರಡೂ ಕಾಲು ಮುಂದಿಟ್ಟು, "ನೀನೇ ಅಳತೆ ತಗೋ ಬೇಟಾ" ಎನ್ನುತ್ತೇನೆ.