ಎರಡನೇ ಗಿಟಾರಿನವ

ಬಚಾತ ಸಂಗೀತ ಕೇಳುವಾಗ ಎಲ್ಲರ ಕಿವಿಯೂ ಮುಖ್ಯ ಗಿಟಾರಾದ ರೆಕಿಂತೊ ಮೇಲೆಯೇ. ಮಿಂಚುವುದೂ ಅದೇ ಬಿಡಿ. ನನಗೆ ಮಾತ್ರ ಪಕ್ಕದಲ್ಲಿ ತಣ್ಣಗೆ ನುಡಿಯುವ ಸೆಗುಂದ, ಅಂದರೆ ಎರಡನೇ ಗಿಟಾರೇ ಇಷ್ಟ. ಅದನ್ನು ನುಡಿಸುವವನು ಕಾರ್ಡನ್ನು ಸುಮ್ಮನೆ ಬಾಚಿ ಬಾರಿಸುವುದಿಲ್ಲ. ಕೆಳಸ್ವರ ಹಿಡಿದು, ಮಿಕ್ಕ ತಂತಿಗಳನ್ನು ಒಂದೊಂದಾಗಿ ಬಿಡಿಸುತ್ತಾ, ಕೆರೆದು ನುಡಿಸುವ ಗೂಯಿರಾದ ಕರಕರಕ್ಕೆ ಜಾಗ ಬಿಟ್ಟು ಸಾಗುತ್ತಾನೆ. ನಾಲ್ಕನೇ ಎಣಿಕೆಗೆ ಒತ್ತು ಬಿತ್ತೋ, ಕುಣಿಯುವವರ ಸೊಂಟ ತಾನಾಗಿ ಏಳುತ್ತದೆ.

ಡೊಮಿನಿಕನ್ ಗಣರಾಜ್ಯದಲ್ಲಿ ಹೊಸೆ ಮಾನುಯೆಲ್ ಕಾಲ್ದೆರೋನ್ 1962ರಲ್ಲಿ ಧ್ವನಿಮುದ್ರಿಸಿದ ಹಾಡುಗಳಿಂದ ಬಚಾತದ ಧ್ವನಿಮುದ್ರಿಕೆಗಳ ಕಥೆ ಶುರು. ಬಡವರ, ಬಾರುಗಳ ಹಾಡೆಂದು ಮೇಲ್ವರ್ಗದವರು ದಶಕಗಟ್ಟಲೆ ಮೂಗು ಮುರಿದರು. ಅದೇ ಬಚಾತ 2019ರಲ್ಲಿ ಯುನೆಸ್ಕೊದ ಅಮೂರ್ತ ಪರಂಪರೆಯ ಪಟ್ಟಿಗೂ ಸೇರಿತು. ಪಟ್ಟಿ ಹಾಗಿರಲಿ, ಲಯ ಕಲಿಯುವ ಆಸೆಯಿದ್ದರೆ ಸೋಲೊ ಬಿಟ್ಟು ಎರಡನೇ ಗಿಟಾರಿನವನ ಬಲಗೈ ನೋಡಿ.