'ಮ' ಅಲ್ಲ, 'ಮ್'

ಒಂದು ಸಣ್ಣ ಪರೀಕ್ಷೆ ಮಾಡೋಣ. ಇಂಗ್ಲಿಷ್‌ನ 'ಎಂ' ಅಕ್ಷರದ ಶಬ್ದ ಏನು? ಜೋರಾಗಿ ಹೇಳಿ. 'ಮ' ಅಂದಿರಾ? ಹಾಗಾದ್ರೆ ನೀವೂ ನನ್ನ ಥರಾನೇ ಫೇಲ್.

ಅರಸೀಕೆರೆಯ ಒಂದು ಹೈಸ್ಕೂಲಿನಲ್ಲಿ ಒಂಬತ್ತು ವರ್ಷ ಇಂಗ್ಲಿಷ್ ಪಾಠ ಮಾಡಿದವಳು ನಾನು. ಎಸ್ಸೆಸ್ಸೆಲ್ಸಿ ಮಕ್ಕಳಿಗೆ ಆ್ಯಕ್ಟಿವ್ ವಾಯ್ಸ್, ಪ್ಯಾಸಿವ್ ವಾಯ್ಸ್ ಎಲ್ಲ ಅರೆದು ಕುಡಿಸಿದ್ದೆ. ಗಂಡನ ಕೆಲಸದ ದೆಸೆಯಿಂದ ಲಂಡನ್ನಿನ ವಾಯವ್ಯ ಭಾಗದ ಕೆಂಟನ್‌ಗೆ ಬಂದ ಮೇಲೆ, ಒಂದು ಪ್ರೈಮರಿ ಶಾಲೆಯಲ್ಲಿ ಟೀಚಿಂಗ್ ಅಸಿಸ್ಟೆಂಟ್ ಕೆಲಸ ಸಿಕ್ಕಿತು. ಮನೆಯಲ್ಲಿ ಬೇರೆ ಭಾಷೆ ಆಡುವ ಮಕ್ಕಳಿಗೆ ಇಂಗ್ಲಿಷ್ ಕಲಿಯಲು ನೆರವಾಗೋದು. 'ಇಂಗ್ಲಿಷ್ ತಾನೇ, ಗೊತ್ತಿರೋದೇ' ಅಂದುಕೊಂಡೆ.

ಮೊದಲ ವಾರವೇ ಕ್ಲಾಸ್ ಟೀಚರ್ ಪಕ್ಕಕ್ಕೆ ಕರೆದು, ಮೆತ್ತಗೆ ತಿದ್ದಿದರು. ನಾನು 'ಮ' ಅಂತಿದ್ದೇನೆ, ಮಕ್ಕಳಿಗೆ ಬೇಕಾದ್ದು ಬರೀ 'ಮ್', ಹಿಂದೆ ಬಾಲ ಇರಬಾರದು ಅಂತ.

ಇಲ್ಲಿ ನಾಲ್ಕೈದು ವರ್ಷದ ಮಕ್ಕಳು ಓದು ಶುರು ಮಾಡೋದು ಎ, ಬಿ, ಸಿ, ಡಿ ಅನ್ನೋ ಹೆಸರುಗಳಿಂದ ಅಲ್ಲ, ಶಬ್ದಗಳಿಂದ. ಅದಕ್ಕೆ ಫೋನಿಕ್ಸ್ ಅಂತಾರೆ. ಅಕ್ಷರ 26, ಶಬ್ದ ಸುಮಾರು 44. 'ಕ್', 'ಆ್ಯ', 'ಟ್' ಅಂತ ಬಿಡಿಬಿಡಿಯಾಗಿ ಹೇಳಿ ಕೂಡಿಸಿದರೆ 'ಕ್ಯಾಟ್' ಆಗುತ್ತೆ. ನನ್ನ ಥರ 'ಕ', 'ಆ್ಯ', 'ಟ' ಅಂದರೆ ಬೆಕ್ಕು ಹುಟ್ಟೋದೇ ಇಲ್ಲ. ಆ ರಾತ್ರಿ ನೋಟ್‌ಬುಕ್ಕಿನಲ್ಲಿ ಎಲ್ಲ ಶಬ್ದಗಳನ್ನೂ ಕನ್ನಡದಲ್ಲಿ ಬರೆದುಕೊಂಡೆ: ಸ್, ಟ್, ಪ್, ನ್, ಮ್. ಬರೀತಾ ಬರೀತಾ ನಗು ಬಂತು. ಮ್ + ಅ = ಮ. ಇದು ನಮ್ಮ ಕಾಗುಣಿತವೇ ಅಲ್ವಾ? ಊರಲ್ಲಿ ಒಂದನೇ ಕ್ಲಾಸಿನ ಮಗುವಿಗೆ ಗೊತ್ತಿರೋದನ್ನ ಮೂವತ್ತಾರನೇ ವಯಸ್ಸಿನಲ್ಲಿ ಮತ್ತೆ ಕಲೀತಿದ್ದೆ.

ಉಳಿದ ಹೊಂದಾಣಿಕೆಗಳು ಅಷ್ಟು ಕಷ್ಟ ಆಗಲಿಲ್ಲ. ಹೆಡ್‌ಟೀಚರನ್ನ ಹೆಸರು ಹಿಡಿದು ಕರೆಯಲು ಒಂದು ತಿಂಗಳು ನಾಲಿಗೆ ಹೊರಳಲಿಲ್ಲ, ಅಷ್ಟೆ. 'ಯು ಆಲ್‌ರೈಟ್?' ಅಂದವರಿಗೆ ನನ್ನ ಸೊಂಟನೋವಿನ ಕಥೆ ಬೇಕಿಲ್ಲ ಅಂತಲೂ ತಿಳೀತು. ಡಿಸೆಂಬರ್‌ನಲ್ಲಿ ನಾಲ್ಕು ಗಂಟೆಗೆ ಮೊದಲೇ ಸೂರ್ಯ ಮುಳುಗಿದಾಗ, ದೀಪ ಹಚ್ಚಿ ಕಾಫಿ ಮಾಡಿಕೊಂಡರೆ ಅದೇ ಸಂಜೆ. ಇನ್ನು ಕೆಂಟನ್ ರೋಡು. ರಸ್ತೆಯ ಒಂದು ಬದಿ ಹ್ಯಾರೋ, ಇನ್ನೊಂದು ಬದಿ ಬ್ರೆಂಟ್. ಕಸ ಒಯ್ಯುವ ಕೌನ್ಸಿಲ್ಲೂ ಬೇರೆ ಬೇರೆ. ಎರಡೂ ಕಡೆ ಗುಜರಾತಿ ಮಾತು. 1972ರಲ್ಲಿ ಇದಿ ಅಮೀನ್ ಉಗಾಂಡಾದಿಂದ ಓಡಿಸಿದ ಏಷ್ಯನ್ನರಲ್ಲಿ ಎಷ್ಟೋ ಕುಟುಂಬಗಳು ಈ ಸುತ್ತಿನಲ್ಲೇ ನೆಲೆಯಾದವು. ತೊಗರಿಬೇಳೆ, ಕೊತ್ತಂಬರಿ, ಕರಿಬೇವು, ಎಲ್ಲ ಸಿಗುತ್ತೆ. ಅಂಗಡಿಯವರು ನನ್ನ ಮುಖ ನೋಡಿ 'ಕೇಮ್ ಛೋ' ಅಂತಾರೆ, ನಾನು ನಕ್ಕು ಹಿಂದಿಯಲ್ಲಿ ಉತ್ತರ ಕೊಡ್ತೀನಿ.

ಕಷ್ಟ ಆದದ್ದು ನಾಲಿಗೆ. ಒಂದು ದಿನ ಜೋರು ಮಳೆ. ಹಾಗಾದಾಗ ಮಕ್ಕಳು ಮೈದಾನಕ್ಕೆ ಹೋಗದೆ ಒಳಗೇ ಆಡ್ತಾರೆ, ಅದಕ್ಕೆ 'ವೆಟ್ ಪ್ಲೇ' ಅಂತಾರೆ. ನಾನು ಬಾಗಿಲಲ್ಲಿ ನಿಂತು ಹಾಗಂತ ಸಾರಿದೆ. ಒಬ್ಬ ಹುಡುಗ ಕಣ್ಣರಳಿಸಿ ಕೇಳಿದ: "ಮಿಸ್, ಯಾವ ಪ್ರಾಣಿ ತರ್ತಾರೆ?" ನನ್ನ ಬಾಯಲ್ಲಿ 'ಒದ್ದೆ' ಅನ್ನೋ ಪದ ದನದ ಡಾಕ್ಟರಾಗಿತ್ತು! ಇಂಗ್ಲಿಷ್‌ನ ಎರಡು ಶಬ್ದಗಳಿಗೆ ನಮ್ಮಲ್ಲಿ ಇರೋದು ಒಂದೇ 'ವ'. ಒಂದಕ್ಕೆ ಮೇಲಿನ ಹಲ್ಲು ಕೆಳತುಟಿಗೆ ತಾಗಬೇಕು, ಇನ್ನೊಂದಕ್ಕೆ ಎರಡು ತುಟಿಯನ್ನೂ ದುಂಡಗೆ ಮಾಡಬೇಕು. ಮಕ್ಕಳ ಜೊತೆ ನಾನೂ ನಕ್ಕೆ. ಆದರೆ ಅವತ್ತೇ ಮನೆಗೆ ಬಂದು, ಇನ್ಮೇಲೆ ಮನೆಯಲ್ಲೂ ಇಂಗ್ಲಿಷೇ ಅಂತ ಕಟ್ಟಪ್ಪಣೆ ಮಾಡಿದೆ. ನನಗೆ ಪ್ರಾಕ್ಟೀಸ್ ಆಗುತ್ತೆ, ಆರು ವರ್ಷದ ಮಗನಿಗೂ ಒಳ್ಳೇದು ಅಂತ ನೆವ.

ಅವನಿಗೆ ಒಗ್ಗಿಕೊಳ್ಳಲು ಎರಡು ವಾರವೂ ಬೇಕಾಗಲಿಲ್ಲ. ನನ್ನನ್ನೇ ತಿದ್ದತೊಡಗಿದ.

ಅದೇ ಸಮಯಕ್ಕೆ ನಮ್ಮ ಕ್ಲಾಸಿಗೆ ದಿಯುವಿನಿಂದ ಬಂದ ಒಂದು ಹುಡುಗಿ ಸೇರಿದಳು. ಮನೆಮಾತು ಗುಜರಾತಿ. ತಿಂಗಳುಗಟ್ಟಲೆ ಒಂದು ಮಾತೂ ಆಡಲಿಲ್ಲ. ಹೊಸ ಭಾಷೆಗೆ ಬಂದ ಮಗು ಹೀಗೆ ಮೌನವಾಗಿರೋದು ಸಹಜ, ಆಗ ಅದು ಕೇಳಿಸಿಕೊಳ್ತಾ ಇರುತ್ತೆ, ಒತ್ತಾಯ ಮಾಡಬೇಡಿ ಅಂತ ನಮಗೆ ಹೇಳಿಕೊಟ್ಟಿದ್ದರು. ತಾಯಿಗೆ ಮಾತ್ರ ಆತಂಕ. ಒಂದು ಸಂಜೆ ಗೇಟಿನ ಹತ್ತಿರ ನನ್ನ ಕೈ ಹಿಡಿದು ಹಿಂದಿಯಲ್ಲಿ ಕೇಳಿದರು: "ನಾವು ಮನೇಲಿ ಗುಜರಾತಿ ಬಿಟ್ಟು ಇಂಗ್ಲಿಷ್ ಮಾತಾಡ್ಬೇಕಾ?"

"ಬೇಡ ಬೇಡ," ಅಂದೆ. "ನಿಮ್ಮ ಭಾಷೆಯಲ್ಲೇ ಮಾತಾಡಿ, ಕಥೆ ಹೇಳಿ, ಜಗಳ ಆಡಿ. ಆ ಭಾಷೆ ಗಟ್ಟಿ ಇದ್ರೆ ಇದೂ ಬರುತ್ತೆ." ನನ್ನದೇ ಮಾತಲ್ಲ, ಶಾಲೆ ಹೇಳಿಕೊಟ್ಟ ಸಲಹೆ. ಮಗುವಿನ ಮನೆಮಾತಿಗೆ ಶಾಲೆಯಲ್ಲಿ ಗೌರವ ಇರಬೇಕು ಅಂತ ಈ ದೇಶದ ಬುಲಕ್ ಸಮಿತಿ 1975ರಲ್ಲೇ ವರದಿ ಕೊಟ್ಟಿತ್ತು. ಆ ತಾಯಿ ಸಮಾಧಾನದಿಂದ ಹೋದರು.

ಆ ಭಾನುವಾರ ಊರಿಗೆ ವಿಡಿಯೋ ಕಾಲ್. ಮಗ ಅಜ್ಜಿಗೆ ಶಾಲೆಯ ಸುದ್ದಿ ಹೇಳಿದ, ಪೂರ್ತಿ ಇಂಗ್ಲಿಷಿನಲ್ಲಿ. ಅಮ್ಮ ನಗುನಗುತ್ತಲೇ ಕೇಳಿಸಿಕೊಂಡು, ಕೊನೆಗೆ ನನ್ನ ಕಡೆ ತಿರುಗಿ ಕೇಳಿದಳು: "ಏನಂದ್ನೇ ಅವ್ನು?"

ನನ್ನಮ್ಮನಿಗೂ ನನ್ನ ಮಗನಿಗೂ ನಡುವೆ ನಾನು ಅನುವಾದಕಿ! ಗೇಟಿನ ಹತ್ತಿರ ಆಡಿದ ಮಾತು ಗಂಟಲಲ್ಲಿ ಸಿಕ್ಕಿಕೊಂಡ ಹಾಗಾಯಿತು. ಊರವರ ಮಕ್ಕಳಿಗೆ ಕೊಟ್ಟ ಬುದ್ಧಿ ಮನೆಯ ಹೊಸಿಲು ದಾಟಿರಲಿಲ್ಲ.

ವಾಪಸ್ ಬರೋದು ಹೋದಷ್ಟು ಸುಲಭ ಇರಲಿಲ್ಲ. ಕನ್ನಡದಲ್ಲಿ ಕೇಳಿದರೆ ಮಗ ಇಂಗ್ಲಿಷಿನಲ್ಲೇ ಉತ್ತರ ಕೊಡ್ತಿದ್ದ. ಕೊನೆಗೆ ದಾರಿ ಸಿಕ್ಕಿದ್ದು ಶಾಲೆಯಲ್ಲೇ. ಇಂಗ್ಲೆಂಡಿನಲ್ಲಿ 'ಇಯರ್ ವನ್' ಮಕ್ಕಳಿಗೆ ಜೂನ್ ತಿಂಗಳಲ್ಲಿ ಒಂದು ಫೋನಿಕ್ಸ್ ಪರೀಕ್ಷೆ ಇದೆ, 2012ರಿಂದ ನಡೀತಿದೆ. ಓದಬೇಕಾದ ಪದ 40. ಅದರಲ್ಲಿ 20ಕ್ಕೆ ಅರ್ಥವೇ ಇಲ್ಲ! ಬಾಯಿಪಾಠ ಮಾಡಿ ಓದ್ತಿಲ್ಲ, ಶಬ್ದ ಕೂಡಿಸಿ ಓದ್ತಿದ್ದಾರೆ ಅಂತ ಗೊತ್ತಾಗಲಿ ಅಂತ. ಪಕ್ಕದಲ್ಲೊಂದು ವಿಚಿತ್ರ ಪ್ರಾಣಿಯ ಚಿತ್ರ ಇರುತ್ತೆ. ಮಕ್ಕಳ ಬಾಯಲ್ಲಿ ಅವು 'ಏಲಿಯನ್ ಪದಗಳು'. ಏಪ್ರಿಲ್‌ನ ಒಂದು ಬೆಳಿಗ್ಗೆ ಅಂಥದ್ದೊಂದು ಕಾರ್ಡ್ ಹಿಡಿದಿದ್ದೆ. ದಿಯುವಿನ ಹುಡುಗಿ ನನ್ನ ಪಕ್ಕ ಕೂತಿದ್ದಳು. ಕೇಳಿಸಿತೋ ಇಲ್ಲವೋ ಅನ್ನೋ ಹಾಗೆ ಅಂದಳು: "ಝಿಬ್." ನಾನು ಕೇಳಿದ ಅವಳ ಮೊದಲ ಇಂಗ್ಲಿಷ್ ಪದಕ್ಕೆ ಅರ್ಥವೇ ಇರಲಿಲ್ಲ. ಅರ್ಥ ಇಲ್ಲದಿದ್ದಕ್ಕೇ ತಪ್ಪಾಗುವ ಭಯವೂ ಇರಲಿಲ್ಲವೇನೋ.

ಅವತ್ತು ರಾತ್ರಿ ರಟ್ಟು ಕತ್ತರಿಸಿ ಕನ್ನಡದ ಏಲಿಯನ್ ಪದ ಬರೆದೆ. ಮಗ ಬೆರಳಿಟ್ಟು ಕೂಡಿಸಿ ಕೂಡಿಸಿ ಓದಿದ: "ನು... ಬ್ಲಿ. ನುಬ್ಲಿ! ಅಮ್ಮಾ, ನುಬ್ಲಿ ಅಂದ್ರೆ?" ಏನೂ ಇಲ್ಲ ಕಣೋ ಅಂದೆ. ನಂಬಲಿಲ್ಲ. ಭಾನುವಾರ ಅಜ್ಜಿಯನ್ನೇ ಕೇಳಿದ, ಕನ್ನಡದಲ್ಲೇ. ಅಮ್ಮ ಒಂದು ಕ್ಷಣವೂ ತಡವರಿಸಲಿಲ್ಲ: "ನಾಲ್ಕು ಹೋಳಿಗೆ ತಿಂದು ಐದನೇದಕ್ಕೆ ಕೈ ಹಾಕ್ತಾನಲ್ಲ, ಅವ್ನಿಗೆ ನುಬ್ಲಿ ಅಂತಾರೆ." ಈಗ ನಮ್ಮ ಮನೆಯಲ್ಲಿ ಅದು ನಿಜವಾದ ಪದ.

ಇಲ್ಲೇ ಹುಟ್ಟಿ ಬೆಳೆದು, ಈಗ ಅಕ್ಷರ ಕೂಡಿಸಿಕೊಂಡು ಇದನ್ನ ಓದ್ತಿರೋ ನಿಮಗೆ ಒಂದು ಮಾತು. ಕನ್ನಡ ಬಳಗ ಯುಕೆ ಶುರುವಾದದ್ದು 1983ರಲ್ಲಿ. ಆ ವರ್ಷ ಹುಟ್ಟಿದ ಮಕ್ಕಳಿಗೆ ಈಗ ನಲವತ್ತು ದಾಟಿದೆ. ನಿಮ್ಮಲ್ಲಿ ಕೆಲವರು ಕೇಳೋದುಂಟು, 'ಅಪ್ಪ ಅಮ್ಮ ನಮಗ್ಯಾಕೆ ಕನ್ನಡ ಕಲಿಸಲಿಲ್ಲ?' ಅಂತ. ಅವರಿಗೆ ಕನ್ನಡ ಬೇಡವಾಗಿತ್ತು ಅಂತ ತಿಳೀಬೇಡಿ. ಅವರೂ ಯಾವುದೋ ಬಾಗಿಲಲ್ಲಿ ನಿಂತು ಏನೋ ಹೇಳಿರಬಹುದು, ಯಾರೋ ನಕ್ಕಿರಬಹುದು. ಆ ನಗು ನಿಮ್ಮ ತನಕ ಬರಬಾರದು ಅಂದುಕೊಂಡಿರಬಹುದು.

ಈ ವಾರ ಅವರಿಗೊಂದು ಫೋನ್ ಮಾಡಿ, ಕನ್ನಡದಲ್ಲಿ. 'ಳ' ಹೊರಳದಿದ್ದರೂ ಪರವಾಗಿಲ್ಲ. ನಾನಿನ್ನೂ ಕನ್ನಡಿ ಮುಂದೆ ನಿಂತು ತುಟಿ ದುಂಡಗೆ ಮಾಡ್ತಾ 'ವೆಟ್ ಪ್ಲೇ' ಅಂತಿದ್ದೀನಿ.