ಕಂಬಾಲಕೊಂಡದಲ್ಲಿ ಸಸಿ ಲೆಕ್ಕ

ಅರವತ್ತಮೂರನೇ ವಯಸ್ಸಿನಲ್ಲಿ ನನಗೆ ಇಂಟರ್ನ್ ಎಂಬ ಹುದ್ದೆ ಸಿಕ್ಕಿತು. ಸಂಬಳ ಇಲ್ಲ. ಒಂದು ಟೋಪಿ, ಕೊರಳಿಗೆ ನೇತುಹಾಕಿಕೊಳ್ಳುವ ಗುರುತಿನ ಚೀಟಿ, ಬೆಳಿಗ್ಗೆ ಪೊಟ್ಟಣದಲ್ಲಿ ಕಟ್ಟಿದ ಇಡ್ಲಿ, ಇಷ್ಟೇ. ಮೇಲಧಿಕಾರಿಗೆ ಇಪ್ಪತ್ತೈದು ವರ್ಷ. ಸಸ್ಯಶಾಸ್ತ್ರ ಓದಿದ ತೆಲುಗು ಹುಡುಗಿ. "ಮೂವತ್ತಾರು ವರ್ಷ ಬ್ಯಾಂಕಲ್ಲಿ ದುಡಿದಿದ್ದು ಸಾಲದಾ? ಈಗ ಕಾಡಲ್ಲಿ ಕೂಲಿ ಮಾಡೋಕೆ ಹೊರಟ್ರಾ?" ಅಂದಳು ನನ್ನಾಕೆ. "ಕೂಲಿ ಕೊಟ್ಟರೆ ತಾನೇ ಕೂಲಿ" ಅಂತ ನಗಿಸಿ ಹೊರಬಿದ್ದೆ.

ನಾವು ವಿಶಾಖಪಟ್ಟಣಕ್ಕೆ ಬಂದದ್ದು ಮಗನ ಜೊತೆಗಿರಲು. ಊರು ಚೆನ್ನಾಗಿದೆ, ಸಮುದ್ರವಿದೆ, ಸಮುದ್ರದ ಬೆನ್ನಿಗೇ ಬೆಟ್ಟವಿದೆ. ತೆಲುಗು ಲಿಪಿ ನಮ್ಮದಕ್ಕೆ ದಾಯಾದಿಯಾದ್ದರಿಂದ ಅಂಗಡಿ ಬೋರ್ಡು ಓದಲು ಕಷ್ಟವಿಲ್ಲ. ಆದರೆ ಬೋರ್ಡು ಓದಿದ ಮಾತ್ರಕ್ಕೆ ಊರು ನಮ್ಮದಾಗುವುದಿಲ್ಲ ನೋಡಿ. ಬೆಳಿಗ್ಗೆ ಬೀಚಿನಲ್ಲಿ ವಾಕಿಂಗ್, ಆಮೇಲೆ ಪೇಪರು, ಮಧ್ಯಾಹ್ನ ನಿದ್ದೆ, ಸಂಜೆ ಮೊಮ್ಮಗಳು. ಎರಡು ವರ್ಷ ಹೀಗೆ ಕಳೆದ ಮೇಲೆ ಅಪಾರ್ಟ್‌ಮೆಂಟಿನ ನಿವೃತ್ತ ಮೇಷ್ಟ್ರೊಬ್ಬರು, "ರಂಡಿ, ಅಡವಿಕಿ ಪೋದಾಂ" ಎಂದು ಕರೆದರು. ಹೋದೆ. 2022ರ ಜುಲೈ ಅದು.

ಕಂಬಾಲಕೊಂಡ ಊರಿನ ಮಗ್ಗುಲಲ್ಲೇ ಇರುವ ವನ್ಯಧಾಮ. ಸುಮಾರು 70 ಚದರ ಕಿಲೋಮೀಟರ್. ಹಿಂದೆ ವಿಜಯನಗರಂ ಮಹಾರಾಜರದಾಗಿತ್ತಂತೆ. 2002ರಲ್ಲಿ ವನ್ಯಧಾಮವಾಯಿತು. ಹೆದ್ದಾರಿಯ ಒಂದು ಕಡೆ ಲಾರಿಗಳ ಗದ್ದಲ, ಇನ್ನೊಂದು ಕಡೆ ಚಿರತೆ ಇರುವ ಕಾಡು. 2014ರ ಅಕ್ಟೋಬರ್ 12ರಂದು ಹುದ್‌ಹುದ್ ಚಂಡಮಾರುತ ಇದೇ ಊರಿನ ಮೇಲೆ ಬಂದೆರಗಿತು. ಊರಿನ ಮರಗಳೂ ಕಾಡಿನ ಮರಗಳೂ ಒಟ್ಟೊಟ್ಟಿಗೆ ಮಲಗಿದವು. ಮರ ಬಿದ್ದು ಬಿಸಿಲು ನೆಲಕ್ಕೆ ತಾಗಿದರೆ ಲಂಟಾನಕ್ಕೆ ಹಬ್ಬ. ಅಂಥ ಜಾಗಗಳಲ್ಲಿ ಲಂಟಾನ ಕಿತ್ತು, ಇಲ್ಲಿಯದೇ ಮರಗಳ ಸಸಿ ನೆಟ್ಟು, ಅವು ಏನಾದವು ಎಂದು ಬರೆದಿಡುವುದು ನಮ್ಮ ಕೆಲಸ. ಅರಣ್ಯ ಇಲಾಖೆಯ ಅನುಮತಿ ಪಡೆದ ಒಂದು ಸಣ್ಣ ತಂಡ. ನನ್ನನ್ನು ಬಿಟ್ಟರೆ ಉಳಿದ ಇಂಟರ್ನ್‌ಗಳೆಲ್ಲ ಕಾಲೇಜು ಮಕ್ಕಳು.

ಮೊದಲ ವಾರ ಮೇಡಂ ನನಗೆ ಕೊಟ್ಟದ್ದು ಒಂದು ಟೇಪು, ಒಂದು ಪುಸ್ತಕ. ಮರದ ಸುತ್ತಳತೆಯನ್ನು ನೆಲದಿಂದ 1.37 ಮೀಟರ್ ಎತ್ತರದಲ್ಲೇ ಅಳೆಯಬೇಕು. ಅಲ್ಲಿ ಗಂಟಿದ್ದರೆ ಏನು ಮಾಡಬೇಕು, ಮರ ಕವಲೊಡೆದಿದ್ದರೆ ಏನು, ಎಲ್ಲಕ್ಕೂ ನಿಯಮ. ನನಗೆ ಖುಷಿಯಾಯಿತು. ಸರ್ಕ್ಯುಲರ್ ಓದಿ ಬೆಳೆದವನಲ್ಲವೇ ನಾನು! ಮರದ ಹೆಸರುಗಳು ಮಾತ್ರ ಒಂದೂ ಗೊತ್ತಿಲ್ಲ. ಗಾರ್ಡು ತೆಲುಗಿನಲ್ಲಿ ಹೇಳುವನು, ನಾನು ಕನ್ನಡದಲ್ಲಿ ಹೊಂದಿಸಿಕೊಳ್ಳುವೆ. ನೇರೇಡು ಅಂದರೆ ನೇರಳೆ, ಕಾನುಗ ಅಂದರೆ ಹೊಂಗೆ, ವೇಪ ಅಂದರೆ ಬೇವು. ಒಂದು ದಿನ ತೆಳ್ಳನೆಯ ಮರವೊಂದನ್ನು ತೋರಿಸಿ "ಅಂಕುಡು" ಎಂದ. ಎಲೆ ಚಿವುಟಿದರೆ ಬಿಳಿ ಹಾಲು. ಕಾಯಿಗಳು ಜೋಡಿ ಜೋಡಿಯಾಗಿ ಜೋತುಬಿದ್ದು ತುದಿಯಲ್ಲಿ ಒಂದಕ್ಕೊಂದು ಅಂಟಿಕೊಂಡಿದ್ದವು. ಏಟಿಕೊಪ್ಪಾಕದವರು ಬೊಂಬೆ ಮಾಡುವುದು ಈ ಮರದಿಂದಲೇ ಎಂದು ಮೇಡಂ ಹೇಳಿದರು. ಏಟಿಕೊಪ್ಪಾಕ ಇಲ್ಲಿಗೆ ಹತ್ತಿರದ ಹಳ್ಳಿ. ಅಲ್ಲಿಯ ಅರಗಿನ ಬೊಂಬೆಗಳಿಗಾಗಿ ಸಿ.ವಿ. ರಾಜು ಅವರಿಗೆ 2023ರಲ್ಲಿ ಪದ್ಮಶ್ರೀ ಬಂತು. ಮನೆಗೆ ಬಂದು ವಿಚಾರಿಸಿದಾಗ ಗೊತ್ತಾಯಿತು, ಈ ಅಂಕುಡೇ ನಮ್ಮ ಹಾಲೆ ಮರ! ನಾನು ಹುಟ್ಟಿದ್ದು ಚನ್ನಪಟ್ಟಣದ ಪಕ್ಕದ ಹಳ್ಳಿಯಲ್ಲಿ, ಆಡಿದ್ದು ಹಾಲೆ ಮರದ ಬುಗುರಿ. ಮರವನ್ನು ಮಾತ್ರ ಗುರುತಿಸಿದ್ದು ಸಾವಿರ ಕಿಲೋಮೀಟರ್ ಆಚೆ ಬಂದು.

ಆ ವರ್ಷ ಮಳೆಗಾಲದಲ್ಲಿ ನಮ್ಮ ಪಾಲಿನ ತುಂಡಿನಲ್ಲಿ 240 ಸಸಿ ನೆಟ್ಟೆವು. ಮೇ ತಿಂಗಳಲ್ಲಿ ಲೆಕ್ಕ. ಗಾರ್ಡು ಕಡ್ಡಿಯಿಂದ ತೊಗಟೆ ಕೆರೆದು ನೋಡುವನು. ಒಳಗೆ ಹಸಿರಿದ್ದರೆ "ಬತಿಕುಂದಿ", ಒಣಗಿದ್ದರೆ "ಚಚ್ಚಿಪೋಯಿಂದಿ". ಬದುಕಿದೆ, ಸತ್ತಿದೆ. ನಾನು ಗೀಟು ಹಾಕುವೆ. ಬಿಸಿಲೇರುವ ಹೊತ್ತಿಗೆ ಒಟ್ಟು ಹಾಕಿದರೆ ಬದುಕಿದ್ದು 91.

ಮೇಡಂ ಅಂದು ಬಂದಿರಲಿಲ್ಲ. ನಾವೆಲ್ಲ ನೆರಳಿಗೆ ಕೂತು ಸುಮ್ಮನಾದೆವು. ವರ್ಷವಿಡೀ ನೀರು ಹೊತ್ತವರು ಆ ಮಕ್ಕಳು. ಒಬ್ಬ ಹುಡುಗ ಮೆಲ್ಲಗೆ ಹೇಳಿದ, "ಅಂಕಲ್, ಮಳೆ ಬಂದರೆ ಬುಡದಿಂದ ಚಿಗುರುತ್ತವೆ. ಒಂದು 140 ಅಂತ ಬರೆಯೋಣ. ಕಡಿಮೆ ಬರೆದರೆ ಮುಂದಿನ ವರ್ಷ ಈ ಕೆಲಸಕ್ಕೆ ದುಡ್ಡು ಕೊಡೋರು ಯಾರು?"

ಕೇಳಿದ್ದು ತಪ್ಪಲ್ಲ ಅನಿಸಿತು. ನಿಜ ಹೇಳಬೇಕೆಂದರೆ ನನ್ನ ಪೆನ್ನು ಆ ಕಡೆಗೇ ವಾಲಿತ್ತು. ಬ್ಯಾಂಕಿನಲ್ಲಿ ಇದಕ್ಕೊಂದು ಹೆಸರಿದೆ. ಬಾರದ ಸಾಲವನ್ನು ತೀರಿಸಲು ಹೊಸ ಸಾಲ ಕೊಟ್ಟು, ಖಾತೆ ಚೆನ್ನಾಗಿದೆ ಎಂದು ತೋರಿಸುವುದಕ್ಕೆ ಎವರ್‌ಗ್ರೀನಿಂಗ್ ಅಂತಾರೆ. ಸದಾ ಹಸಿರು! ಕಾಡಿನಲ್ಲಿ ಕೂತು ಆ ಮಾತು ನೆನಪಾದಾಗ ನಗುವೂ ಬಂತು. ಅದರ ಹಿಂದೆಯೇ ವಿಜಯವಾಡ ನೆನಪಾಯಿತು. ನಗು ನಿಂತಿತು.

1988ರಿಂದ ಮೂರು ವರ್ಷ ನಾನು ವಿಜಯವಾಡದಲ್ಲಿದ್ದೆ. ಎಂ.ಕಾಂ. ಮಾಡಿಕೊಂಡು ಆಫೀಸರ್ ಆಗಿದ್ದ ಹೊಸದು. ವರ್ಗವಾಗಿ ಹೋದಾಗ ಬ್ಲೇಜ್‌ವಾಡ ಅಂತ ಹೆದರಿಸಿದ್ದರು. ಹೆಸರಿಗೆ ತಕ್ಕ ಬಿಸಿಲು. ಪ್ರಕಾಶಂ ಬ್ಯಾರೇಜಿನ ಮೇಲೆ ಸಂಜೆ ನಿಂತರೆ ಮಾತ್ರ ಕೃಷ್ಣೆಯ ಗಾಳಿ. ಅಲ್ಲಿಗೆ ಹತ್ತಿರದ ಕೊಂಡಪಲ್ಲಿಯಲ್ಲಿ ಬೊಂಬೆ ಮಾಡುವವರಿಗೆ ಐಆರ್‌ಡಿಪಿ ಸಾಲ ಕೊಡುವ ಗುರಿ ನಮ್ಮ ಶಾಖೆಗಿತ್ತು. ದಶಾವತಾರ, ಅಂಬಾರಿ ಆನೆ, ತಾಳೆ ಮರ ಹತ್ತುವ ಮನುಷ್ಯ, ಎಲ್ಲಾ ತೆಲ್ಲ ಪೊಣಿಕಿ ಎಂಬ ಹಗುರ ಮರದಲ್ಲಿ ಕೊರೆದವು. ಕೈಕಾಲು ಬೇರೆ ಬೇರೆ ಕೊರೆದು, ಹುಣಸೆ ಬೀಜದ ಪುಡಿ, ಮರದ ಹೊಟ್ಟು ಸೇರಿಸಿದ ಅಂಟಿನಿಂದ ಜೋಡಿಸುತ್ತಾರೆ. ಸಾಲದ ಅರ್ಜಿಯ ಜೊತೆ ತಪಾಸಣಾ ವರದಿ ಹೋಗಬೇಕು. ಅದರಲ್ಲಿ ಒಂದು ಕಲಂ: ಕಚ್ಚಾ ಸಾಮಗ್ರಿ ದೊರೆಯುವಿಕೆ. ನಾನು ಪ್ರತಿ ಅರ್ಜಿಗೂ "ಸ್ಥಳೀಯವಾಗಿ ಹೇರಳ" ಎಂದು ಬರೆದೆ. ಕೊಂಡಪಲ್ಲಿ ಬೆಟ್ಟ ಅಂಗಳದಿಂದಲೇ ಕಾಣುತ್ತಿತ್ತು. ಒಮ್ಮೆಯೂ ಹತ್ತಲಿಲ್ಲ. ಒಬ್ಬ ಮುದುಕ, "ಸಾರ್, ಮರಕ್ಕೆ ಈಗ ಬಹಳ ದೂರ ಹೋಗಬೇಕು" ಎಂದು ಹೇಳಿದ್ದ. ಕೇಳಿಸಿಕೊಂಡೆ, ಬರೆಯಲಿಲ್ಲ. ಬರೆದಿದ್ದರೆ ಅರ್ಜಿ ವಾಪಸು ಬರುತ್ತಿತ್ತು, ಗುರಿ ತಪ್ಪುತ್ತಿತ್ತು. ಅವನಿಗೂ ಸಾಲ ಬೇಕಿತ್ತು ಎಂಬ ಸಮಾಧಾನ ಬೇರೆ.

"91 ಅಂತಲೇ ಬರೀತೀನಪ್ಪ" ಎಂದೆ ಹುಡುಗನಿಗೆ. ಕಾರಣ ಹೇಳಲಿಲ್ಲ. ಅವನು ಎರಡು ದಿನ ನನ್ನ ಜೊತೆ ಸರಿಯಾಗಿ ಮಾತಾಡಲಿಲ್ಲ. ಇಡ್ಲಿ ಪೊಟ್ಟಣ ಮಾತ್ರ ತಂದುಕೊಟ್ಟ.

ಜೂನ್‌ನಲ್ಲಿ ಸಂಬಂಧಿಕರ ಮದುವೆಗೆಂದು ವಿಜಯವಾಡಕ್ಕೆ ಹೊರಟೆ. ರತ್ನಾಚಲ್ ಎಕ್ಸ್‌ಪ್ರೆಸ್, ಸುಮಾರು 350 ಕಿಲೋಮೀಟರ್. ಮದುವೆ ಊಟ ಮುಗಿಸಿ ಒಬ್ಬನೇ ಕೊಂಡಪಲ್ಲಿಗೆ ಬಸ್ಸು ಹತ್ತಿದೆ. ಬೊಂಬೆಗಳ ಬೀದಿ ಹಾಗೇ ಇದೆ, ಅಂಗಡಿಗಳಿಗೆ ಗಾಜು ಬಂದಿದೆ. ಆ ಮುದುಕ ತೀರಿಕೊಂಡು ಬಹಳ ವರ್ಷವಾಗಿದೆ. ಮಗ ಕೂತು ಅಂಬಾರಿಗೆ ಬಣ್ಣ ಹಚ್ಚುತ್ತಿದ್ದ. ನಾನು ಯಾರೆಂದು ಹೇಳಿದೆ. "ಓಹೋ, ಮೇನೇಜರ್ ಗಾರು!" ಎಂದು ಸ್ಟೂಲು ಎಳೆದ. ಮರ ಎಲ್ಲಿಂದ ಬರುತ್ತದೆ ಎಂದು ಕೇಳಿದೆ. ಅಪ್ಪನ ಕಾಲದಲ್ಲಿ ಬೆಟ್ಟದಿಂದ ಹೊತ್ತು ತರುತ್ತಿದ್ದರಂತೆ. ಈಗ ಯಾರೋ ತಂದು ಮಾರುತ್ತಾರೆ, ಅವರು ಹೇಳಿದ್ದೇ ಬೆಲೆ, ಬಂದಾಗ ಬಂತು. ತನ್ನ ಮಗ ಕಂಪ್ಯೂಟರ್ ಕೆಲಸದಲ್ಲಿದ್ದಾನೆ ಎಂದ.

ನಾನು ನನ್ನ ವರದಿಯ ವಿಷಯ ಹೇಳಿದೆ. ತೆಲುಗಿನಲ್ಲಿ ತಪ್ಪು ತಪ್ಪಾಗಿ, ಬೆವರು ಒರೆಸಿಕೊಳ್ಳುತ್ತಾ. ಅವನು ಕುಂಚ ಕೆಳಗಿಡಲಿಲ್ಲ. "ಆ ಸಾಲ ನಾನ್ನ ತೀರಿಸಿದರು ಸಾರ್" ಎಂದ. ಅಷ್ಟೇ. ಅವರಪ್ಪ ತೀರಿಸಿದ್ದು ನನಗೆ ಗೊತ್ತು. ನಾನು ಕೇಳಿದ್ದು ಅದಲ್ಲವೆಂದು ಅವನಿಗೂ ಗೊತ್ತಿದ್ದಿರಬೇಕು. ಒಂದು ಅಂಬಾರಿ ಆನೆ ಕೊಂಡುಕೊಂಡೆ. ಚೌಕಾಸಿ ಮಾಡಲು ಬಾಯಿ ಬರಲಿಲ್ಲ. ಮನೆಯ ದಸರಾ ಗೊಂಬೆಗಳಲ್ಲಿ ಅದೀಗ ಚನ್ನಪಟ್ಟಣದ ರಾಜ-ರಾಣಿಯ ಪಕ್ಕ ಇದೆ.

ವಾಪಸು ಬಂದಾಗ ವಿಶಾಖಪಟ್ಟಣದಲ್ಲಿ ಮಳೆ ಹಿಡಿದಿತ್ತು. ಜುಲೈ ಲೆಕ್ಕಕ್ಕೆ ಹೋದೆವು. ಗಾರ್ಡು ಒಂದು ಬುಡದ ಬಳಿ ಕೂತು ಕೂಗಿದ, "ಸಾರ್, ಬತಿಕುಂದಿ!" ನಾನು ಮೇ ತಿಂಗಳಲ್ಲಿ ಸತ್ತಿದೆ ಎಂದು ಬರೆದ ಅಂಕುಡು. ಬುಡದಿಂದ ಎರಡು ಎಲೆ. ಅಂಥವು ಆ ದಿನ ಏಳು ಸಿಕ್ಕವು. ಹುಡುಗ ನನ್ನ ಮುಖ ನೋಡಿದ. ಅವನ ಮಾತು ಪೂರ್ತಿ ಸುಳ್ಳಲ್ಲ, ಆದರೆ ಏಳಕ್ಕೂ ನಲವತ್ತೊಂಬತ್ತಕ್ಕೂ ಇರುವ ಅಂತರ ಅವನಿಗೂ ಕಂಡಿತು. ನನಗೆ ಮಾತ್ರ ಕೈ ತುರಿಸಿತು. "ಮೇಡಂ, ಹಿಂದಿನ ಪುಟ ತಿದ್ದಲಾ?" ಎಂದು ಕೇಳಿದೆ.

"ಬೇಡಿ ಅಂಕಲ್. ಮೇ ಲೆಕ್ಕ ಮೇ ತಿಂಗಳದ್ದು. ಹೊಸ ಪುಟಕ್ಕೆ ತಾರೀಕು ಹಾಕಿ" ಅಂದರು.

ಮಾರ್ಚ್ 31ರ ಬ್ಯಾಲೆನ್ಸ್ ಬಗ್ಗೆ ಮೂವತ್ತಾರು ವರ್ಷ ಕಿರಿಯರಿಗೆ ನಾನು ಹೇಳಿಕೊಟ್ಟ ಪಾಠ ಅದು. ತಾರೀಕು ಹಾಕಿದೆ. ಮಳೆಹನಿ ಬಿದ್ದು ಅಂಕೆ ಸ್ವಲ್ಪ ಹರಡಿತು, ಓದಲು ಬರುತ್ತದೆ.